ಜೋಡಿ ಪಂಚು

"ಈ ಕಬ್ಬಿಣದ ಮುದ್ದೆ ಇನ್ನೂ ಇಲ್ಲೇ ಬಿದ್ದಿದೆಯಾ? ಸರಿಸ್ರಪ್ಪ ಅತ್ಲಾಗೆ, ಪೆಟ್ಟಿಗೆ ಎತ್ತೋವಾಗ ಯಾರಾದ್ರೂ ಎಡವಿ ಬಿದ್ದಾರು," ಎನ್ನುತ್ತ ಮೈದುನ ಮುಂಬಾಗಿಲಿಗೆ ಒತ್ತು ಕೊಟ್ಟಿದ್ದ ಹಬ್ ಅನ್ನು ಬೂಟುಗಾಲಿನಿಂದ ತಳ್ಳಿದ. ಅದು ಮಿಸುಕಲಿಲ್ಲ. ಮತ್ತೊಮ್ಮೆ ಜೋರಾಗಿ ತಳ್ಳಿದ.

"ಕಾಲು ತೆಗಿ ಅದರ ಮೇಲಿಂದ," ಎಂದಳು ಆಕೆ.

ಪೆಟ್ಟಿಗೆಯಲ್ಲಿ ಮಲಗಿದ್ದ ಗಂಡನ ತಲೆಯ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದವಳು ಬೆಳಗಿನಿಂದ ಆಡಿದ ಮೊದಲ ಮಾತು ಅದು. ಅಲ್ಲಿಯವರೆಗೆ ಒಂದು ಹನಿ ಕಣ್ಣೀರೂ ಬಂದಿರಲಿಲ್ಲ. ಬಂದವರೆಲ್ಲ ಅದನ್ನೇ ಗಮನಿಸಿ, ದುಃಖ ಒಳಗೇ ಹೆಪ್ಪುಗಟ್ಟಿದೆ ಪಾಪ, ಒಮ್ಮೆ ಅತ್ತುಬಿಟ್ಟರೆ ಹಗುರಾಗುತ್ತಾಳೆ ಎಂದು ತಮ್ಮತಮ್ಮಲ್ಲೇ ಆಡಿಕೊಂಡಿದ್ದರು. ಹೆಪ್ಪುಗಟ್ಟಿದ್ದು ದುಃಖವಲ್ಲ, ಸಿಟ್ಟು. ಅದೂ ಇವತ್ತು ನಿನ್ನೆಯ ಸಿಟ್ಟಲ್ಲ.

"ಬಾಗಿಲಿಗೆ ಅಡ್ಡ ಆಗುತ್ತಲ್ಲ ಅಂತ ಅತ್ತಿಗೆ..."

"ಇಷ್ಟು ವರ್ಷ ಆಗದ ಅಡ್ಡ ಇವತ್ತೇನೂ ಆಗಲ್ಲ. ನಿಮ್ಮಣ್ಣ ತಂದಿಟ್ಟಿದ್ದು. ಅವರು ಹೊರಡೋ ತನಕ ಅಲ್ಲೇ ಇರಲಿ."

ಮೈದುನ ಸುತ್ತ ನಿಂತವರ ಕಡೆ ನೋಡಿ, ನೀವೇ ನೋಡಿದಿರಲ್ಲ ಎಂಬಂತೆ ಕೈ ಚೆಲ್ಲಿದ. ಅವನೀಗ ಫ್ಯಾಕ್ಟರಿಯ ಇಡೀ ಮಷೀನ್ ವಿಭಾಗಕ್ಕೆ ಸೂಪರ್‌ವೈಸರ್. ಗರಿಗರಿ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಸಾವಿನ ಮನೆಯಲ್ಲೂ ಶಿಫ್ಟ್ ನಡೆಸುವವನಂತೆ ಬೆಳಗಿನಿಂದ ಓಡಾಡುತ್ತಿದ್ದ. ಕುರ್ಚಿ ತರಿಸಿದವನು ಅವನು, ಹೂವು ತರಿಸಿದವನು ಅವನು, ಯಾರು ಯಾವ ಮೂಲೆಗೆ ಹೆಗಲು ಕೊಡಬೇಕು ಎಂದು ಹಂಚಿದವನೂ ಅವನೇ. ಮುಂದಿನ ಬಲಗಡೆ ತನಗೆ. ಒಡಹುಟ್ಟಿದವನಲ್ಲವೇ.

ಆ ಹಬ್ ಎಂದರೆ ಲಾರಿಯ ಚಕ್ರದ ನಟ್ಟನಡುವೆ ಕೂರುವ ದಪ್ಪ ಕಬ್ಬಿಣದ ಬಳೆ. ಎತ್ತಲು ಎರಡೂ ಕೈ ಬೇಕು. ಇದರ ಒಳಮೈ ಹರಿದು ಚಿಂದಿಯಾಗಿತ್ತು. ಹೊರಮೈಯಲ್ಲಿ ಒಂದು ನಕ್ಷತ್ರದ ಗುರುತು ಒತ್ತಿತ್ತು. ಗಾಳಿಗೆ ಬಾಗಿಲು ಬಡಿಯದಂತೆ ತಡೆಯುವ ಕೆಲಸವನ್ನು ಅದು ಈ ಮನೆಯಲ್ಲಿ ಚೆನ್ನಾಗಿಯೇ ಮಾಡಿಕೊಂಡು ಬಂದಿತ್ತು. ಹಿತ್ತಿಲ ಬಾಗಿಲಿಗೆ ಅಂಥದ್ದೇ ಇನ್ನೊಂದಿತ್ತು. ಅದನ್ನು ಯಾರೂ ಬಗ್ಗಿ ನೋಡಿದವರಲ್ಲ.

ಫ್ಯಾಕ್ಟರಿಯ ಜನ ಗುಂಪುಗುಂಪಾಗಿ ಬರತೊಡಗಿದರು. ಪೇಂಟಿಂಗ್ ವಿಭಾಗದ ದಢೂತಿಯೊಬ್ಬ ಪೆಟ್ಟಿಗೆಯ ಹತ್ತಿರ ಬಂದು, ಕರವಸ್ತ್ರದಿಂದ ಮೂಗು ಒರೆಸಿಕೊಂಡು, "ಮುರುಕಣ್ಣ ಹೋಗ್ಬಿಟ್ನಲ್ಲ ಗೇಜಮ್ಮಾ. ಎಂಥಾ ಮನುಷ್ಯ!" ಎಂದ.

ಗೇಜಮ್ಮ ಎಂದರೆ ಆಕೆಯೇ. ಮಷೀನಿನಿಂದ ಇಳಿದ ಒಂದೊಂದು ಜಾಬಿಗೂ, ಎಂದರೆ ಕೊರೆದು ಮುಗಿದ ತುಂಡಿಗೂ, ಗೇಜು ಹಾಕಿ ಅಳತೆ ನೋಡಿ, ಪಾಸು ಫೇಲು ಹೇಳುವ ಇನ್‌ಸ್ಪೆಕ್ಷನ್ ಮೇಜು ಆಕೆಯದು. ತಲೆ ಎತ್ತದೆ ಕೇಳಿದಳು, "ಅವರು ಏನು ಮುರಿದಿದ್ದನ್ನ ನೋಡಿದ್ದೆ ನೀನು?"

"ಅಯ್ಯೋ, ಎಲ್ರೂ ಕರೀತಾರಲ್ಲಮ್ಮ... ಪ್ರೀತಿಯಿಂದ..."

"ನಿನ್ನ ಪ್ರೀತಿ ನಿನ್ನ ಮನೇಲಿಟ್ಕೋ."

ದಢೂತಿ ಕಾಲಿಗೆ ಬುದ್ಧಿ ಹೇಳಿದ. ನಾದಿನಿ, ಎಂದರೆ ಗಂಡನ ದೊಡ್ಡಕ್ಕ, ಬಂದು ಆಕೆಯ ಭುಜ ಹಿಡಿದಳು. "ಬಂದವರ ಮೇಲೆಲ್ಲ ಹೀಗೆ ಹರಿಹಾಯ್ಬಾರ್ದು ಕಣೇ. ಜನ ಏನಂದ್ಕೊಂಡಾರು?"

"ಜನ ಅಂದ್ಕೊಂಡಿದ್ದನ್ನೇ ಅಲ್ವಾ ಅಕ್ಕಾ ನಾನು ಇಷ್ಟು ದಿನ ಕೇಳ್ಕೊಂಡು ಬಂದಿದ್ದು."

ಪೆಟ್ಟಿಗೆಯ ಕಾಲ್ದೆಸೆಯಲ್ಲಿ ಮಗಳು ಕೂತಿದ್ದಳು. ಗಂಡನ ಮನೆಯಿಂದ ಬೆಳಗಿನ ರೈಲಿಗೆ ಬಂದಿಳಿದವಳು. ಮುರುಕಣ್ಣ ಎಂಬ ಮಾತು ಕೇಳಿದಾಗ ಅವಳ ತಲೆ ಒಂದಿಷ್ಟು ತಗ್ಗಿದ್ದನ್ನು ತಾಯಿ ನೋಡಿದಳು. ಶಾಲೆಗೆ ಹೋಗುವಾಗಲೂ ಹೀಗೇ ತಗ್ಗುತ್ತಿತ್ತು. 'ಮಷೀನು ಮುರಿದವನ ಮಗಳು' ಎಂದು ಫ್ಯಾಕ್ಟರಿ ಮಕ್ಕಳು ಕೂಗಿದ ದಿನ ಮನೆಗೆ ಬಂದು, "ನೀನೊಂಚೂರು ಗಮನ ಕೊಟ್ಟಿದ್ರೆ ಆಗ್ತಿರ್ಲಿಲ್ವಾ ಅಪ್ಪಾ?" ಎಂದು ಕೇಳಿದ್ದಳು. ಅಪ್ಪ, "ಹೌದು ಪುಟ್ಟಿ, ಕೊಡಬೇಕಿತ್ತು," ಎಂದಿದ್ದ. ಒಲೆಯ ಮುಂದೆ ನಿಂತಿದ್ದ ಆಕೆ ನಾಲಗೆ ಕಚ್ಚಿಕೊಂಡಿದ್ದಳು. ಅಂದಿನಿಂದ ಅಪ್ಪ ಮಗಳ ನಡುವೆ ಎಲ್ಲ ಇತ್ತು, ಒಂದು ಹಿಡಿ ಗೌರವ ಮಾತ್ರ ಕಡಿಮೆಯಿತ್ತು.

*

ಮಷೀನು ಎಷ್ಟೇ ದೊಡ್ಡದಿರಲಿ, ಕಬ್ಬಿಣವನ್ನು ನಿಜವಾಗಿ ಕೊರೆಯುವುದು ಅದರ ಬಾಯಲ್ಲಿ ಕೂತ ಟಿಪ್ಪು. ಬಿಸ್ಕತ್ತಿನ ಚೂರಿನಷ್ಟಿರುವ, ಕಬ್ಬಿಣಕ್ಕಿಂತಲೂ ಗಟ್ಟಿಯಾದ ಲೋಹದ ತುಂಡು. ಇಷ್ಟು ಜಾಬು ಕೊರೆದ ಮೇಲೆ ಅದರ ಅಂಚು ಸವೆಯುತ್ತದೆ. ಸವೆದದ್ದನ್ನು ತೆಗೆದು ಹೊಸದು ಹಾಕಬೇಕು. ಕಂಪ್ಯೂಟರ್ ಮಷೀನು ಬಂದ ಮೇಲೆ ಆ ಲೆಕ್ಕ ಇಡುವ ತಲೆನೋವು ತಪ್ಪಿತ್ತು. ಟಿಪ್ಪಿನ ಆಯಸ್ಸು ಮುಗಿದ ಕೂಡಲೇ ಮಷೀನು ತಾನೇ ನಿಲ್ಲುತ್ತಿತ್ತು, ನೆತ್ತಿಯ ಮೇಲಿನ ಹಳದಿ ದೀಪ ಹತ್ತುತ್ತಿತ್ತು. ಬಾಗಿಲು ತೆಗೆದು, ಸ್ಕ್ರೂ ಬಿಚ್ಚಿ, ಹೊಸ ಟಿಪ್ಪು ಕೂರಿಸಿ, ರೀಸೆಟ್ ಗುಂಡಿ ಒತ್ತಿದರೆ ಲೆಕ್ಕ ಮತ್ತೆ ಮೊದಲಿನಿಂದ ಶುರು.

ಆದರೆ ಆ ಕಾಲದ ಮಷೀನಿಗೆ ಲೆಕ್ಕ ಬರುತ್ತಿತ್ತು, ಕಣ್ಣಿರಲಿಲ್ಲ. ಟಿಪ್ಪು ಬದಲಿಸಿ ಗುಂಡಿ ಒತ್ತಿದರೋ ಸುಮ್ಮನೆ ಒತ್ತಿದರೋ ಅದಕ್ಕೆ ತಿಳಿಯದು. ಒತ್ತಿದರೆ ನಂಬುತ್ತಿತ್ತು, ಅಷ್ಟೆ. ಅದಕ್ಕೇ ಆ ಫ್ಯಾಕ್ಟರಿಯಲ್ಲಿ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಪ್ರತಿಯೊಬ್ಬ ಕೆಲಸಗಾರನಿಗೂ ತನ್ನದೇ ಒಂದು ಪಂಚು, ಅದರ ತುದಿಯಲ್ಲಿ ತನ್ನದೇ ಒಂದು ಗುರುತು. ಜಾಬನ್ನು ಮಷೀನಿಗೆ ಏರಿಸುವ ಮೊದಲು ಅದರ ಮೇಲೆ ಸುತ್ತಿಗೆಯಿಂದ ಒಂದು ಏಟು ಹಾಕಿ ಗುರುತು ಒತ್ತಬೇಕು. ಹೊಸ ಟಿಪ್ಪು ಹಾಕಿದ ಮೇಲೆ ಬಂದ ಮೊದಲ ಜಾಬಿನ ಮೇಲೆ ಮಾತ್ರ ಅದೇ ಗುರುತನ್ನು ಎರಡು ಸಲ ಒತ್ತಿ ಇನ್‌ಸ್ಪೆಕ್ಷನ್ನಿಗೆ ಕಳಿಸಬೇಕು. ಇದೇ ಜೋಡಿ ಪಂಚು. ಟಿಪ್ಪು ಬದಲಿಸಿದ್ದೇನೆ, ನಂಬಿ ಎಂದು ಹೇಳಿದ ಹಾಗೆ.

ಆಕೆಯ ಗಂಡ ಅಲ್ಲಿ ಮಷೀನು ಹೊಂದಿಸಿ ನಡೆಸುವ ಸೆಟ್ಟರ್. ಅವನ ಗುರುತು ನಕ್ಷತ್ರ. ಕೆಲಸ ಕೊಡಿಸಿ, ಕೈಹಿಡಿದು ಕಲಿಸಿ, ತನ್ನದೇ ಮಷೀನಿನ ಮೊದಲ ಶಿಫ್ಟಿಗೆ ತಮ್ಮನನ್ನು ಹಾಕಿಸಿಕೊಂಡಿದ್ದ. ಎರಡನೆಯ ಶಿಫ್ಟು ತನ್ನದು. ತಮ್ಮನ ಗುರುತು ತ್ರಿಕೋನ. ತಮ್ಮ ಇನ್ನೂ ಕಾಯಂ ಆಗಿರಲಿಲ್ಲ, ಅವನ ಹೆಂಡತಿ ತುಂಬು ಬಸುರಿ.

ಮಷೀನು ಮುರಿದ ಆ ದಿನ ಮೊದಲ ಶಿಫ್ಟು ಮುಗಿಯುವ ಹೊತ್ತಿಗೆ ಆಕೆಯ ಮೇಜಿಗೊಂದು ಹಬ್ ಬಂತು. ಜೋಡಿ ತ್ರಿಕೋನ. ಗೇಜು ಹಾಕಿ ನೋಡಿದಳು. ಅಳತೆ ಅಂಚಿನಲ್ಲಿತ್ತು, ಆದರೂ ಒಳಗೇ ಇತ್ತು. ಪಾಸು ಮಾಡಬೇಕು, ಅಷ್ಟರಲ್ಲಿ ಅಭ್ಯಾಸ ಬಲದಿಂದ ಬೆರಳು ಒಳಗೆ ಹೋಯಿತು. ಒಳಮೈ ಸುತ್ತ ನೂಲೆಳೆಯಂಥ ಒಂದು ಗೀರು ಸುತ್ತಿಕೊಂಡು ಹೋಗಿತ್ತು. ಹೊಸ ಟಿಪ್ಪು ಕೊರೆದರೆ ಕೈ ಜಾರುವಷ್ಟು ನುಣುಪು ಬರಬೇಕು. ಗೀರು ಬೀಳುವುದು ಅಂಚು ಚಕ್ಕೆ ಎದ್ದ ಹಳೆಯ ಟಿಪ್ಪಿನಿಂದ.

ಕಳ್ಳ ಎಂದುಕೊಂಡಳು. ಹಳದಿ ದೀಪ ಹತ್ತಿದೆ, ಗೇಟಿನಲ್ಲಿ ಬಸ್ಸು ನಿಂತಿದೆ, ಟಿಪ್ಪು ಬದಲಿಸುತ್ತ ಕೂತರೆ ಬಸ್ಸು ಹೋಗುತ್ತದೆ. ಗುಂಡಿ ಒತ್ತಿದ್ದಾನೆ, ಎರಡೇಟು ಹಾಕಿದ್ದಾನೆ, ಮುಂದಿನದನ್ನು ಅಣ್ಣ ನೋಡಿಕೊಳ್ಳುತ್ತಾನೆ ಎಂದು ಜಾಗ ಖಾಲಿ ಮಾಡಿದ್ದಾನೆ. ಆಕೆ ಹಬ್ ಅನ್ನು ಎದೆಗವಚಿಕೊಂಡು ಮಷೀನಿನ ಕಡೆ ಓಡಿದಳು. ಅರ್ಧ ದಾರಿಯಲ್ಲಿದ್ದಾಗ ಆ ಸದ್ದು ಬಂತು. ಚಾವಣಿಯ ತಗಡೆಲ್ಲ ನಡುಗಿ, ಒಂದು ಕ್ಷಣ ಇಡೀ ಶೆಡ್ಡಿನ ಕೆಲಸ ನಿಂತಿತು.

ಲೆಕ್ಕ ಈಗಷ್ಟೇ ಶುರುವಾಗಿದೆ ಎಂದು ಪರದೆ ಹೇಳಿತ್ತು. ತಮ್ಮ ಬದಲಿಸಿಯೇ ಹೋಗಿದ್ದಾನೆ ಎಂದು ನಂಬಿ ಸೆಟ್ಟರ್ ಟಿಪ್ಪನ್ನು ಬಗ್ಗಿ ನೋಡಿರಲಿಲ್ಲ. ಟಿಪ್ಪು ಸಿಡಿದು, ಅದನ್ನು ಹಿಡಿದ ಸರಳು ಮುರಿದು, ಮಷೀನಿನ ಕತ್ತೇ ತಿರುಚಿಕೊಂಡಿತ್ತು. ಒಳಗೆ ನಕ್ಷತ್ರದ ಹಬ್ ಹರಿದು ಬಿದ್ದಿತ್ತು.

ಮ್ಯಾನೇಜರ್ ಬಂದ. ಬಸ್ಸು ಹತ್ತಿದ್ದ ತಮ್ಮನನ್ನು ಗೇಟಿನಿಂದ ವಾಪಸು ಕರೆತಂದರು. ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಟಿಪ್ ಬದಲಿಸದೆ ಗುಂಡಿ ಒತ್ತಿದ್ದು ಯಾರು?" ಎಂದ ಮ್ಯಾನೇಜರ್.

ಸೆಟ್ಟರ್ ತಮ್ಮನನ್ನು ನೋಡಿದ. ಆಮೇಲೆ ಗುಂಪಿನಾಚೆ ಹಬ್ ಅವಚಿಕೊಂಡು ನಿಂತಿದ್ದ ಹೆಂಡತಿಯನ್ನು ನೋಡಿದ. ಅದರ ಮೇಲಿನ ಎರಡು ತ್ರಿಕೋನಗಳ ಮೇಲೆ ಅವನ ಕಣ್ಣು ನಿಂತಿತು. ಬೇಡ ಎಂಬಂತೆ ಸಣ್ಣಗೆ ತಲೆಯಾಡಿಸಿದ.

"ನಾನೇ ಸಾರ್," ಎಂದ. "ನಾನು ಬಂದಾಗ ದೀಪ ಹತ್ತಿತ್ತು. ಆಮೇಲೆ ಬದಲಿಸೋಣ ಅಂತ ಒತ್ಬಿಟ್ಟೆ."

*

ಮಧ್ಯಾಹ್ನದ ಬಿಸಿಲು ಅಂಗಳಕ್ಕಿಳಿದಾಗ ಮೈದುನ ಗಡಿಯಾರ ನೋಡಿಕೊಂಡು, ಪೆಟ್ಟಿಗೆಯ ಪಕ್ಕ ಬಂದು ನಿಂತ. ಗಂಟಲು ಸರಿಮಾಡಿಕೊಂಡ. ಎತ್ತುವ ಮೊದಲು ಹತ್ತಿರದವರು ನಾಲ್ಕು ಮಾತಾಡಬೇಕು ಎಂದು ಅವನೇ ಗೊತ್ತುಮಾಡಿದ್ದ. ಹತ್ತಿರದವರು ಎಂದರೆ ಅವನೇ.

"ಎಲ್ರಿಗೂ ಗೊತ್ತಿರೋ ವಿಷಯನೇ. ಮುಚ್ಚಿಡೋದೇನಿಲ್ಲ. ನಮ್ಮಣ್ಣ ಜೀವನದಲ್ಲಿ ಒಂದು ತಪ್ಪು ಮಾಡಿದ. ಮನುಷ್ಯ ಅಂದಮೇಲೆ ಮಾಡ್ತಾನೆ. ಆದ್ರೆ ಎದೆ ತಟ್ಕೊಂಡು ಒಪ್ಕೊಂಡ. ನಾನು ಹೊಸಬರಿಗೆ ಯಾವಾಗ್ಲೂ ಹೇಳ್ತಿರ್ತೀನಿ, ತಪ್ಪು ಅಂದ್ರೆ ತಪ್ಪೇ, ಸ್ವಂತ ಅಣ್ಣನದಾದ್ರೂ ತಪ್ಪೇ. ಇವತ್ತು ನಮ್ಮ ವಿಭಾಗದಲ್ಲಿ ಒಬ್ಬನೂ ಸುಮ್ಮಸುಮ್ನೆ ಆ ಗುಂಡಿ ಮುಟ್ಟಲ್ಲ ಅಂದ್ರೆ ಅದು ಅಣ್ಣ ಕಲಿಸಿದ ಪಾಠ. ಆ ಒಂದು ತಪ್ಪನ್ನ ಕ್ಷಮಿಸಿ, ಎಲ್ರೂ ಅವನನ್ನ ದೊಡ್ಡ ಮನಸ್ಸಿನಿಂದ ಕಳಿಸಿಕೊಡೋಣ."

ಕೆಲವರು ಹೌದು ಹೌದು ಎಂದರು. ಓರಗಿತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗಳ ತಲೆ ಇನ್ನಷ್ಟು ತಗ್ಗಿತು.

ಕ್ಷಮಿಸಿ! ಆಕೆಯ ಕಿವಿಯಲ್ಲಿ ಆ ಒಂದು ಮಾತು ಕಾದ ಎಣ್ಣೆಯಂತೆ ಇಳಿಯಿತು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಯಾರ ಮುಖವನ್ನೂ ನೋಡದೆ ಅಡುಗೆಮನೆ ದಾಟಿ ಹಿತ್ತಿಲ ಬಾಗಿಲಿನ ಕಡೆ ನಡೆದಳು.

"ಬಿಡಿ, ಬಿಡಿ. ಒಬ್ಬಳೇ ಹೋಗಿ ಅತ್ಕೊಂಡು ಬರ್ಲಿ," ಎಂದಳು ನಾದಿನಿ.

*

ಆ ವಾರದ ರಜೆಯ ದಿನ ಗಂಡ ಹರಿದ ಹಬ್ ಅನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದಿದ್ದ. ಗುಜರಿಗೆ ಹೋಗುವುದನ್ನು ಕೇಳಿ ಇಸಿದುಕೊಂಡಿದ್ದನಂತೆ. "ಬಾಗಿಲಿಗೆ ಒತ್ತು ಬೇಕಿತ್ತಲ್ಲ," ಎಂದ, ಏನೂ ಆಗದವನ ಹಾಗೆ.

ಆಕೆ ಒಳಗಿನಿಂದ ತನ್ನದನ್ನು ತಂದು ಅವನ ಮುಂದೆ ಕುಕ್ಕಿದಳು. ಜೋಡಿ ತ್ರಿಕೋನದ್ದು. ಫೇಲಾದ ಜಾಬಿಗೆ ಹಚ್ಚುವ ಕೆಂಪು ಬಣ್ಣ ಬಳಿದು, ಊಟದ ಚೀಲದಲ್ಲಿ ಹೊತ್ತು ತಂದಿದ್ದಳು.

"ಇದನ್ನ ಮ್ಯಾನೇಜರ್ ಮೇಜಿನ ಮೇಲಿಡ್ತೀನಿ ನಾಳೆ."

"ಇಟ್ರೆ ಅವನನ್ನ ನಾಳೆನೇ ಗೇಟಿಂದ ಆಚೆ ಹಾಕ್ತಾರೆ. ಕಾಯಂ ಆಗಿಲ್ಲ. ಆ ಹೆಣ್ಣುಮಗಳು ಬೇರೆ ಹೀಗಿದಾಳೆ. ನನ್ನನ್ನ ಏನು ಮಾಡ್ತಾರೆ? ಮಷೀನಿಂದ ಇಳಿಸ್ತಾರೆ, ಅಷ್ಟೇ ತಾನೆ?"

"ಅಷ್ಟೇನಾ? ನನ್ನನ್ನ ಒಂದು ಮಾತು ಕೇಳಿದ್ರಾ ನೀವು?"

"ಕೇಳೋಕೆ ಹೊತ್ತೆಲ್ಲಿತ್ತೇ?"

"ನೀವು ದೊಡ್ಡವರಾದ್ರಿ. ಬಾಯಿಗೆ ಹೊಲಿಗೆ ಹಾಕ್ಕೊಂಡು ಓಡಾಡಬೇಕಾದವಳು ನಾನು."

 ಅವನು ಕೆಂಪು ಬಳಿದ ಹಬ್ ಅನ್ನು ಎತ್ತಿಕೊಂಡು ಹೋಗಿ, ಹಿತ್ತಿಲ ಬಾಗಿಲಿಗೆ ಒತ್ತಾಗಿ, ಗುರುತು ಗೋಡೆಯ ಕಡೆ ತಿರುಗಿಸಿ ಇಟ್ಟ.

"ನಾನಿರೋ ತನಕ ಇದು ಇಲ್ಲೇ ಇರಲಿ. ನಾನಿರೋ ತನಕ ನೀನು ಬಾಯಿ ಬಿಡಬೇಡ. ಇದೊಂದು ನಡೆಸ್ಕೊಡು."

"ನೀವು ಹೋದ ಮೇಲೆ?"

ಅವನಿಗೆ ನಗು ಬಂತು. "ಆಮೇಲೆ ನಿನ್ನಿಷ್ಟ ಮಾರಾಯ್ತಿ. ನಾನೇನು ಎದ್ದು ಬಂದು ಕೇಳ್ತೀನಾ?"

ಆಕೆ ಮಾತು ಕೊಟ್ಟಳು. ಕೊಟ್ಟ ಗಳಿಗೆಯಿಂದಲೇ ಅವನ ಮೇಲೂ ಸಿಟ್ಟು ಹತ್ತಿಕೊಂಡಿತು, ಮತ್ತೆ ಆರಲಿಲ್ಲ. ಮಷೀನು ರಿಪೇರಿಯಾಗುವವರೆಗೆ ಅರ್ಧ ವಿಭಾಗವನ್ನು ಮನೆಗೆ ಕಳಿಸಿದರು. ಮನೆಯಲ್ಲಿ ಕೂತವರು ಹೊತ್ತು ಹೋಗಲೆಂದು 'ಮುರುಕಣ್ಣ' ಎಂಬ ಹೆಸರನ್ನು ಹುಟ್ಟಿಸಿದರು. ಸೆಟ್ಟರನ್ನು ಟೂಲ್ ರೂಮಿಗೆ ಹಾಕಿದರು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಟಿಪ್ಪು ತೊಳೆಯುವುದು, ಸರಳಿಗೆ ಕೂರಿಸುವುದು, ಉದ್ದ ಅಳೆದು ಕಿಂಡಿಯಲ್ಲಿ ಹೊರಗೆ ಕೊಡುವುದು. ಹಳೆಯ ಟಿಪ್ಪು ಕೈಗೆ ಕೊಡದೆ ಹೊಸದು ಕೊಡುತ್ತಿರಲಿಲ್ಲ. ಹಳೆಯದನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, ಆಮೇಲೆಯೇ ಡಬ್ಬಿಗೆ ಹಾಕುತ್ತಿದ್ದ. "ಯಾರು ನೋಡ್ತಾ ಇರೋದು ನೋಡ್ರೋ, ಮುರುಕಣ್ಣ!" ಎಂದು ಹುಡುಗಾಟ ಆಡುತ್ತಿದ್ದರು. ಅವನೂ ಅವರೊಂದಿಗೆ ನಗುತ್ತಿದ್ದ. ನಗಲಾರದವಳು ಆಕೆ.

ದೇವರಂಥ ಮನುಷ್ಯ ಎಂದು ಇವತ್ತು ಯಾರಾದರೂ ಅಂದರೆ ಆಕೆ ಒಪ್ಪಳು. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದರೆ ಎರಡು ದಿನ ಮುಖ ಊದಿಸಿಕೊಂಡಿರುತ್ತಿದ್ದ. ಸೈಕಲ್ಲಿನ ಸೀಟಿನಡಿ ಸಿಗರೇಟು ಬಚ್ಚಿಟ್ಟು, ಬಿಟ್ಟೆ ಎಂದು ಆಣೆ ಹಾಕುತ್ತಿದ್ದ. ಅಂಥ ಮನುಷ್ಯ ತಮ್ಮನ ವಿಷಯಕ್ಕೆ ಮಾತ್ರ ಹಟ ಹಿಡಿದು ಕೂತಿದ್ದ.

ತಮ್ಮ ಕಾಯಂ ಆದ. ಸೆಟ್ಟರ್ ಆದ, ಸೂಪರ್‌ವೈಸರ್ ಆದ. ಆಗಲಿ, ಬೇಡವೆಂದವರಾರು? ಸುಮ್ಮನಿದ್ದಿದ್ದರೆ ಆಕೆಯ ಸಿಟ್ಟೂ ಒಂದು ದಿನ ತಣಿಯುತ್ತಿತ್ತೋ ಏನೋ. ಆದರೆ ಪ್ರತಿ ಸಲ ಹೊಸಬರು ಸೇರಿದಾಗ ಅವರನ್ನು ಇನ್‌ಸ್ಪೆಕ್ಷನ್ನಿನ ಪಕ್ಕದಲ್ಲೇ ಸಾಲಾಗಿ ನಿಲ್ಲಿಸಿ ಪಾಠ ಶುರುಮಾಡುತ್ತಿದ್ದ. "ಟೂಲ್ ರೂಮಿನ ಕಿಂಡೀಲಿ ಕೂತಿದಾನಲ್ಲ, ಅವನು ನಮ್ಮಣ್ಣ. ಯಾಕೆ ಅಲ್ಲಿ ಕೂತಿದಾನೆ ಗೊತ್ತಾ?" ಆಕೆ ಗೇಜನ್ನು ಮೇಜಿನ ಮೇಲೆ ಕುಕ್ಕಿ ಮುಂದಿನ ಜಾಬು ಎಳೆದುಕೊಳ್ಳುತ್ತಿದ್ದಳು. ಮೊದಲ ಸಲ ಕೇಳಿದ ದಿನ ಮನೆಗೆ ಬಂದು ಹೇಳಿದಾಗ ಗಂಡ, "ಹುಡುಗರು ಕಲೀತಾರಲ್ಲ, ಬಿಡೇ," ಎಂದ. ಆಕೆ ಕೈಲಿದ್ದ ಲೋಟವನ್ನು ಗೋಡೆಗೆ ಬೀಸಿದ್ದಳು. ಆ ಲೋಟದ ನೆಗ್ಗು ಇವತ್ತಿಗೂ ಹಾಗೇ ಇದೆ, ಗೋಡೆಯದ್ದೂ.

*

ಹಿತ್ತಿಲ ಬಾಗಿಲು ಧಡ್ ಎಂದು ಬಡಿದುಕೊಂಡಿತು. ಒತ್ತು ತೆಗೆದಾಗಿತ್ತು.

ಆಕೆ ಹಬ್ ಅನ್ನು ತುಂಬಿದ ಕೊಡದಂತೆ ಸೊಂಟಕ್ಕಿಟ್ಟುಕೊಂಡು ನಡುಮನೆಗೆ ಬಂದಳು. ಜನ ದಾರಿ ಬಿಟ್ಟರು. ಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲಿದ್ದ ಹೂವಿನ ಬುಟ್ಟಿಯನ್ನು ಕೆಳಗಿಳಿಸಿ, ಅದರ ಜಾಗದಲ್ಲಿ ಹಬ್ ಇಟ್ಟಳು. ಕೆಂಪು ಬಣ್ಣ ಅಲ್ಲಲ್ಲಿ ಉದುರಿದ್ದರೂ ಉಳಿದದ್ದು ಎದ್ದು ಕಾಣುತ್ತಿತ್ತು.

"ಗ್ರೈಂಡರಣ್ಣಾ, ಬನ್ನಿ ಇಲ್ಲಿ."

ಗ್ರೈಂಡರಣ್ಣ ಗಂಡನ ಜೊತೆ ಟೂಲ್ ರೂಮಿನಲ್ಲಿ ಡ್ರಿಲ್ಲು ಮಸೆಯುತ್ತಿದ್ದ ಮುದುಕ. ಅಲ್ಲಿಯವರೆಗೂ ಮೂಲೆಯಲ್ಲಿ ಕೂತು ಸದ್ದಿಲ್ಲದೆ ಅಳುತ್ತಿದ್ದವನು ಅವನೊಬ್ಬನೇ. ಕನ್ನಡಕ ಏರಿಸಿಕೊಂಡು ಬಂದ.

"ಇದರ ಮೇಲೇನಿದೆ ಹೇಳಿ."

"ಜೋಡಿ ಪಂಚು," ಎಂದ ಮುದುಕ. "ತ್ರಿಕೋನ."

"ತ್ರಿಕೋನ ಯಾರದು?"

ಮುದುಕ ಬಿಳಿ ಅಂಗಿಯ ಕಡೆ ನೋಡಿದ. "ಸೂಪರ್‌ವೈಸರ್ ಸಾಹೇಬರದು. ಮಷೀನಿನ ಮೇಲಿದ್ದ ಕಾಲದ್ದು."

"ಒಳಗೆ ಬೆರಳಿಡಿ."

ಮುದುಕ ಬೆರಳಿಟ್ಟು ಸುತ್ತ ಆಡಿಸಿದ. ಅರ್ಧ ಸುತ್ತಿಗೇ ಬೆರಳು ನಿಂತಿತು. ಮತ್ತೆ ಮೊದಲಿನಿಂದ ಸುತ್ತಿದ. ಅವನ ಮುಖ ಕಪ್ಪಿಟ್ಟಿತು. ಪಕ್ಕಕ್ಕೆ ಸರಿದು, ಹಿಂದಿದ್ದವನಿಗೆ ಸನ್ನೆ ಮಾಡಿದ. ಹಿಂದಿದ್ದವನೂ ಬೆರಳಿಟ್ಟ. ಅವನ ಹಿಂದೆ ಇನ್ನೊಬ್ಬ. ಪೇಂಟಿಂಗಿನ ದಢೂತಿಯೂ ಬಂದ. ಮಷೀನಿನವರಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. 

"ಏನಮ್ಮ ಅದು?" ಎಂದಳು ಮಗಳು.

ಉತ್ತರ ಹೇಳಿದವನು ಗ್ರೈಂಡರಣ್ಣ. "ಜೋಡಿ ಪಂಚು ಅಂದ್ರೆ ಹೊಸ ಟಿಪ್ ಹಾಕಿದೀನಿ ಅಂತ ಆಣೆ ಮಾಡಿದ ಹಾಗಮ್ಮ. ಒಳಗಿರೋದು ಸವೆದ ಟಿಪ್ಪಿನ ಗೀರು. ನಿಮ್ಮಪ್ಪ ಶಿಫ್ಟಿಗೆ ಬಂದು ಮಷೀನು ಮುಟ್ಟೋಕೆ ಮುಂಚೆನೇ ಯಾರೋ ಗುಂಡಿ ಒತ್ತಿ ಹೋಗಿದ್ರು." ಕೊನೆಯ ಮಾತಿಗೆ ಅವನ ದನಿ ಒಡೆಯಿತು. "ಪಕ್ಕದಲ್ಲೇ ಕೂತು ಡ್ರಿಲ್ ಮಸೀತಿದ್ನಲ್ಲೋ ನಾನು. ನಂಗೂ ಹೇಳ್ಲಿಲ್ವಲ್ಲೋ ನೀನು," ಎಂದು ಪೆಟ್ಟಿಗೆಯ ಕಡೆ ತಿರುಗಿ ಬೈದ.

"ಅತ್ತಿಗೆ," ಎಂದ ಮೈದುನ, ದನಿ ತಗ್ಗಿಸಿ. "ಇದು ಆ ಮಾತಿಗೆ ಹೊತ್ತಾ?"

"ಬೇರೆ ಹೊತ್ತು ನಂಗೆ ಯಾರು ಕೊಟ್ಟಿದ್ರು? ನಾನಿರೋ ತನಕ ಬಾಯಿ ಬಿಡಬೇಡ ಅಂದಿದ್ರು ನಿಮ್ಮಣ್ಣ. ಬಿಡ್ಲಿಲ್ಲ. ನಿನ್ನೆ ಸಂಜೆಗೆ ಆ ಮಾತು ಮುಗೀತು."

"ನಾನೇನು ಕೇಳ್ಕೊಂಡಿರ್ಲಿಲ್ಲ. ಅಣ್ಣನೇ ಮೈಮೇಲೆ ಹಾಕ್ಕೊಂಡ."

"ಹಾಕ್ಕೊಂಡಿದ್ದು ಅವರ ತಪ್ಪು. ಅದಕ್ಕೆ ಅವರ ಮೇಲೂ ನಂಗೆ ಸಿಟ್ಟಿದೆ, ಅದನ್ನ ನಾನೂ ಅವರೂ ನೋಡ್ಕೋತೀವಿ. ನೀನು ಹೆದರ್ಕೊಂಡು ಸುಮ್ನಿದ್ದೆ, ಅದನ್ನೂ ನುಂಗ್ಕೊಂಡೆ. ಆದ್ರೆ ಹುಡುಗರನ್ನ ಸಾಲಾಗಿ ನಿಲ್ಲಿಸಿ, ಕಿಂಡೀಲಿ ಕೂತಿದ್ದವರನ್ನ ಬೆರಳು ಮಾಡಿ ತೋರ್ಸು ಅಂತ ಯಾರು ಹೇಳಿದ್ರು ನಿಂಗೆ? ಈಗ ಕ್ಷಮಿಸೋಣ ಅಂದ್ಯಲ್ಲ. ಯಾರನ್ನೋ ಯಾರು?"

"ಏನ್ರೀ ಇದು?" ಎಂದಳು ಓರಗಿತ್ತಿ ಗಂಡನ ತೋಳು ಹಿಡಿದು. "ಭಾವನೇ ಮಷೀನು ಮುರಿದಿದ್ದು ಅಂತ ಮಕ್ಕಳ ಮುಂದೇನೂ ಹೇಳ್ತಿದ್ರಲ್ಲ ನೀವು?"

ಅವನು ತೋಳು ಬಿಡಿಸಿಕೊಂಡ. ನಾದಿನಿ ನಡುವೆ ಬರಲು ನೋಡಿದಳು. "ಸಾಕು ಮಾಡೇ. ಎತ್ತೋ ಹೊತ್ತಾಯ್ತು. ಮೊದಲು ಅವನನ್ನ ಮಣ್ಣಿಗೆ ಸೇರಿಸಿ..."

"ಇಲ್ಲ ಅಕ್ಕಾ. ಇದು ಮೊದಲು." ಆಕೆ ಮೈದುನನಿಂದ ಕಣ್ಣು ತೆಗೆಯಲಿಲ್ಲ. "ಗುಂಡಿ ಒತ್ತಿದ್ದು ನಾನು ಅಂತ ಇವಳಿಗೆ ಹೇಳು. ಈ ಮಗೂಗೆ. ಇಷ್ಟು ಜನ ಕೇಳೋ ಹಾಗೆ ಹೇಳಿ, ಬಂದು ಹೆಗಲು ಕೊಡು. ನಾನು ಬೇಡ ಅನ್ನಲ್ಲ, ನೀನು ತಮ್ಮ. ಹೇಳೋಕಾಗಲ್ವಾ, ಇದನ್ನ ಹೊತ್ಕೊಂಡು ಹಿಂದೆ ಬಾ."

ಮೈದುನ ಸುತ್ತ ನೋಡಿದ. ಬಾಗಿಲಲ್ಲಿ, ಕಿಟಕಿಯಲ್ಲಿ, ಅಂಗಳದಲ್ಲಿ, ನಾಳೆ ಬೆಳಿಗ್ಗೆ ಅವನ ಕೈಕೆಳಗೆ ಕೆಲಸಕ್ಕೆ ನಿಲ್ಲಬೇಕಾದವರೇ ಎಲ್ಲರೂ. "ನಾನು..." ಎಂದ. ಮಗಳು ತಲೆ ಎತ್ತಿ ಅವನನ್ನೇ ನೋಡುತ್ತಿದ್ದಳು. "ನಾನು..." ಮುಂದಿನದು ಹೊರಡಲಿಲ್ಲ. ಬಗ್ಗಿ, ಸ್ಟೂಲಿನ ಮೇಲಿನ ಹಬ್ ಅನ್ನು ಎತ್ತಿಕೊಂಡ. ಮಾತಿಗಿಂತ ಅದೇ ಹಗುರ ಎನಿಸಿರಬೇಕು ಅವನಿಗೆ.

ಮುಂದಿನ ಬಲಮೂಲೆ ಖಾಲಿ ಉಳಿಯಿತು. ಮಗಳು ಎದ್ದು ಬಂದು ಅಲ್ಲಿ ನಿಂತಳು. ಹೆಣ್ಣುಮಗಳಿಗೆ ಭಾರ ಆಗುತ್ತೆ ಎಂದು ಯಾರೋ ಗೊಣಗಿದರು. "ಆಗಲ್ಲ," ಎಂದಳು ಅವಳು. ಪೆಟ್ಟಿಗೆ ಹೆಗಲಿಗೇರುವಾಗ ಅದರ ಮರಕ್ಕೆ ಕೆನ್ನೆ ಒತ್ತಿ ಏನೋ ಹೇಳಿದಳು. ತಾಯಿಗೆ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಆಗ ಮೊದಲ ಬಾರಿಗೆ ಆಕೆಯ ಕಣ್ಣು ಉರಿಯಿತು.

ಮುಂಬಾಗಿಲಲ್ಲಿ ಹರಿದ ಹಬ್ ಅಡ್ಡವಾಗಲಿಲ್ಲ. ಎಲ್ಲರೂ ಅದನ್ನು ಬಳಸಿಕೊಂಡು ಹೊರಗೆ ನಡೆದರು.

ಸ್ಮಶಾನ ಬೀದಿಯ ಕೊನೆಯಲ್ಲಿತ್ತು, ಬೀದಿ ಮಾತ್ರ ಉದ್ದ. ಮೈದುನ ಎಲ್ಲರ ಹಿಂದೆ ಬರುತ್ತಿದ್ದ. ಮೊದಮೊದಲು ಹಬ್ ಅನ್ನು ಕಂಕುಳಲ್ಲಿಟ್ಟುಕೊಂಡ. ಆಮೇಲೆ ಹೊಟ್ಟೆಗೆ ಅವಚಿಕೊಂಡ. ಬಿಳಿ ಅಂಗಿಯ ಮೇಲೆ ತುಕ್ಕೂ ಕೆಂಪೂ ಇಳಿಯಿತು. ಸೈಕಲ್ ರಿಪೇರಿ ಅಂಗಡಿಯವನು ಗೌರವದಿಂದ ಎದ್ದು ನಿಂತು, "ಏನ್ ಸಾರ್ ಅದು ಕೈಲಿ?" ಎಂದು ಕೇಳಿದ.  ಹಾಲಿನವಳು ಕೇಳಿದಳು. ಮಹಡಿಯಿಂದ ಯಾರೋ ಬಗ್ಗಿ ಕೇಳಿದರು. ಫ್ಯಾಕ್ಟರಿಯವರು ಅವನ ಬದಲಿಗೆ ಮೆಲ್ಲಗೆ ಉತ್ತರ ಕೊಡುತ್ತ ನಡೆದರು. ಒಂದು ವಾಕ್ಯದಲ್ಲಿ ಹೇಳಬಹುದಾಗಿದ್ದನ್ನು ಅವನೀಗ ಮನೆಮನೆಗೂ ಹೊತ್ತು ತೋರಿಸಿಕೊಂಡು ಹೋಗುತ್ತಿದ್ದ. ಆಕೆ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ಪೆಟ್ಟಿಗೆ ಇಳಿಯಿತು. ಗ್ರೈಂಡರಣ್ಣ ಮೊದಲು ಒಂದು ಹಿಡಿ ಮಣ್ಣು ಹಾಕಿದ. ಮಗಳು ಹಾಕಿದಳು, ನಾದಿನಿ ಹಾಕಿದಳು. ದಢೂತಿ ಹಾಕಿ, ಆಕೆಯ ಮುಂದೆ ಬಂದು, ತಪ್ಪಾಯ್ತಮ್ಮ ಎಂದು ಕೈಮುಗಿದ. ಆಕೆ ಎರಡು ಹಿಡಿ ಹಾಕಿದಳು. ಮೊದಲನೆಯದನ್ನು ಮೆಲ್ಲಗೆ. ಎರಡನೆಯದನ್ನು ಎಸೆದಳು.

ಒಬ್ಬೊಬ್ಬರಾಗಿ ಎಲ್ಲರದೂ ಆಯಿತು. ಕೊನೆಗೆ ಗುಂಡಿಯ ಅಂಚಿನಲ್ಲಿ ಉಳಿದವನು ಮೈದುನ. ಮಣ್ಣು ಹಾಕಲು ಒಂದು ಕೈಯಾದರೂ ಖಾಲಿ ಬೇಕು. ಅವನ ಎರಡೂ ಕೈ ಹಬ್ ಹಿಡಿದಿದ್ದವು. ಹೆಬ್ಬೆರಳು ಒಳಮೈಯ ಗೀರಿನ ಮೇಲೆ ಕೂತಿತ್ತು. ಗುದ್ದಲಿಯವರು ಕಾದು ನಿಂತರು. ಅವನು ಅತ್ತಿಗೆಯ ಕಡೆ ನೋಡಿದ, ಗುಂಡಿಯ ಕಡೆ ನೋಡಿದ, ಮತ್ತೆ ಅತ್ತಿಗೆಯ ಕಡೆ ನೋಡಿದ.

ಇಳಿಸು ಎಂದು ಆಕೆ ಹೇಳಲಿಲ್ಲ.